ಆಳದ ಲೆಕ್ಕ: ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ಟ್ರೋಲಿಂಗ್

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಶಿಕಾಗೊ, ಮಿಲ್ವಾಕಿ, ಗ್ರ್ಯಾಂಡ್ ರ್‍ಯಾಪಿಡ್ಸ್ ಕಡೆಗೆ ಹೋಗುವ ಕನ್ನಡಿಗರು ಒಮ್ಮೆಯಾದರೂ ಮಿಶಿಗನ್ ಸರೋವರದ ದಂಡೆಗೆ ಹೋಗಿಬರುತ್ತಾರೆ. ಅಲ್ಲಿನ ಬಂದರುಗಳಿಂದ ನಸುಕಿನಲ್ಲೇ ಹೊರಡುವ ಬಾಡಿಗೆ ದೋಣಿಗಳನ್ನು ಕಂಡು ಕೆಲವರು ತಾವೂ ಒಂದು ಬೆಳಗಿನ ಮಟ್ಟಿಗೆ ಹತ್ತುವುದುಂಟು. ಹತ್ತಿದವರಿಗೆ ಮೊದಲ ಅರ್ಧ ಗಂಟೆಯಲ್ಲೇ ಪ್ರಶ್ನೆಗಳು ಏಳುತ್ತವೆ. ಗಾಳ ಹಾಕಿದ ಮೇಲೂ ದೋಣಿ ನಿಲ್ಲದೆ ಮುಂದೆ ಸಾಗುತ್ತಲೇ ಇರುವುದೇಕೆ? ಗಾಳದ ಜೊತೆಗೆ ಐದಾರು ಕಿಲೋ ತೂಕದ ಸೀಸದ ಗುಂಡನ್ನು ನೀರಿಗಿಳಿಸುವುದೇಕೆ? ಕಣ್ಣು ಹಾಯಿಸಿದಷ್ಟು ದೂರವೂ ಒಂದೇ ತೆರನಾಗಿ ಕಾಣುವ ನೀರಿನಲ್ಲಿ ಮೀನು ಇಲ್ಲೇ ಇದೆಯೆಂದು ದೋಣಿ ನಡೆಸುವವನಿಗೆ ತಿಳಿಯುವುದಾದರೂ ಹೇಗೆ? ಈ ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ: ಆ ಸರೋವರದಲ್ಲಿ ಮೀನು ಹಿಡಿಯುವುದೆಂದರೆ ಮುಖ್ಯವಾಗಿ ಆಳವನ್ನು ಲೆಕ್ಕ ಹಾಕುವುದು.

ಟ್ರೋಲಿಂಗ್ ಎಂದರೇನು

ಚಲಿಸುವ ದೋಣಿಯ ಹಿಂದೆ ಗಾಳಗಳನ್ನು ಎಳೆದುಕೊಂಡು ಹೋಗಿ ಮೀನು ಹಿಡಿಯುವ ವಿಧಾನಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಮಲ್ಪೆ, ಮಂಗಳೂರು, ಕಾರವಾರದ ಟ್ರಾಲ್ ಬೋಟುಗಳನ್ನು ಬಲ್ಲವರು ಇದನ್ನು ಅದರೊಂದಿಗೆ ಬೆರೆಸಬಾರದು. ಟ್ರಾಲ್ ಬೋಟು ಎಳೆಯುವುದು ದೊಡ್ಡ ಬಲೆಯನ್ನು, ಆ ಬಲೆಯಲ್ಲಿ ರಾಶಿ ರಾಶಿ ಮೀನು ಬೀಳುತ್ತದೆ. ಟ್ರೋಲಿಂಗ್‌ನಲ್ಲಿ ಬಲೆಯ ಮಾತಿಲ್ಲ. ಒಂದು ಗಾಳಕ್ಕೆ ಒಂದು ಸಲಕ್ಕೆ ಒಂದೇ ಮೀನು, ಅದೂ ಬಹುಮಟ್ಟಿಗೆ ಹವ್ಯಾಸಕ್ಕಾಗಿ.

ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವವನು ಮೀನು ತನ್ನ ಬಳಿಗೆ ಬರಲೆಂದು ಕಾಯುತ್ತಾನೆ. ಕೆರೆ ಚಿಕ್ಕದು, ಕಾದರೆ ಮೀನು ಬಂದೀತು. ಮಿಶಿಗನ್ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಉದ್ದ ಸುಮಾರು 490 ಕಿಲೋಮೀಟರ್, ಅತಿ ಹೆಚ್ಚಿನ ಆಳ 281 ಮೀಟರ್. ಅದರಲ್ಲಿರುವ ಸಾಲ್ಮನ್ ಒಂದೆಡೆ ನೆಲೆನಿಲ್ಲುವ ಮೀನಲ್ಲ. ತಿನ್ನುವ ಚಿಕ್ಕ ಮೀನಿನ ಹಿಂಡುಗಳನ್ನು ಅಟ್ಟಿಸಿಕೊಂಡು, ತಣ್ಣೀರನ್ನು ಹುಡುಕಿಕೊಂಡು, ದಿನಕ್ಕೆ ಹತ್ತಾರು ಕಿಲೋಮೀಟರ್ ಅಲೆಯಬಲ್ಲದು. ಆದ್ದರಿಂದ ಇಲ್ಲಿ ಗಾಳವೇ ಮೀನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಸಾಲ್ಮನ್ ಈ ಸರೋವರಕ್ಕೆ ಬಂದ ಬಗೆ

ಇಂದು ಮಿಶಿಗನ್ ಸರೋವರದಲ್ಲಿ ಟ್ರೋಲಿಂಗ್ ಮಾಡುವವರು ಮುಖ್ಯವಾಗಿ ಐದು ಮೀನುಗಳನ್ನು ಅರಸುತ್ತಾರೆ: ಚಿನೂಕ್ ಸಾಲ್ಮನ್, ಕೊಹೊ ಸಾಲ್ಮನ್, ಸ್ಟೀಲ್‌ಹೆಡ್ ಎಂದು ಕರೆಯಲಾಗುವ ರೇನ್‌ಬೋ ಟ್ರೌಟ್, ಬ್ರೌನ್ ಟ್ರೌಟ್ ಮತ್ತು ಲೇಕ್ ಟ್ರೌಟ್. ಇವುಗಳಲ್ಲಿ ಸರೋವರದ ಮೂಲನಿವಾಸಿ ಲೇಕ್ ಟ್ರೌಟ್ ಒಂದೇ. ಉಳಿದ ನಾಲ್ಕನ್ನೂ ಮನುಷ್ಯರು ತಂದು ಬಿಟ್ಟರು. ಸ್ಟೀಲ್‌ಹೆಡ್ ಮತ್ತು ಬ್ರೌನ್ ಟ್ರೌಟ್ 19ನೆಯ ಶತಮಾನದ ಉತ್ತರಾರ್ಧದಲ್ಲೇ ಮಿಶಿಗನ್ ರಾಜ್ಯದ ಹೊಳೆಗಳಿಗೆ ಬಂದಿದ್ದವು. ಸಾಲ್ಮನ್ ಬಂದದ್ದು ಒಂದು ದೊಡ್ಡ ಅನಾಹುತದ ಬೆನ್ನಿಗೆ.

ಆ ಅನಾಹುತದ ಬೇರು ಒಂದು ಕಾಲುವೆಯಲ್ಲಿದೆ. ಉತ್ತರ ಅಮೆರಿಕದ ಐದು ಮಹಾಸರೋವರಗಳ ನೀರು ಕೊನೆಗೆ ಅಟ್ಲಾಂಟಿಕ್ ಸಾಗರಕ್ಕೆ ಹರಿಯುತ್ತದೆ. ಆದರೆ ದಾರಿಯಲ್ಲಿ ನಯಾಗರ ಜಲಪಾತವಿರುವುದರಿಂದ ಸಮುದ್ರದ ಮೀನುಗಳು ಅದನ್ನು ಹತ್ತಿ ಮೇಲಿನ ನಾಲ್ಕು ಸರೋವರಗಳನ್ನು ಸೇರುವಂತಿರಲಿಲ್ಲ. ಹಡಗುಗಳ ಅನುಕೂಲಕ್ಕಾಗಿ ಜಲಪಾತವನ್ನು ಬಳಸಿಕೊಂಡು ಹೋಗುವ ವೆಲೆಂಡ್ ಕಾಲುವೆ 1829ರಲ್ಲಿ ತೆರೆಯಿತು, ಆಮೇಲೆ ಹಲವು ಸಲ ಅದನ್ನು ಅಗಲಿಸಿ ಆಳಗೊಳಿಸಲಾಯಿತು. ಹಡಗುಗಳಿಗೆ ತೆರೆದ ದಾರಿ ಮೀನುಗಳಿಗೂ ತೆರೆಯಿತು. ಹಾವಿನಾಕಾರದ, ದವಡೆಯಿಲ್ಲದ, ದುಂಡನೆಯ ಹಲ್ಲುಬಾಯಿಂದ ಬೇರೆ ಮೀನಿಗೆ ಕಚ್ಚಿಕೊಂಡು ರಕ್ತ ಹೀರುವ ಸಮುದ್ರ ಲ್ಯಾಂಪ್ರೇ 1921ರಲ್ಲಿ ಈರಿ ಸರೋವರದಲ್ಲಿಯೂ 1936ರಲ್ಲಿ ಮಿಶಿಗನ್ ಸರೋವರದಲ್ಲಿಯೂ ಕಾಣಿಸಿಕೊಂಡಿತು. ಪರಾವಲಂಬಿಯಾಗಿ ಬದುಕುವ ಅವಧಿಯಲ್ಲಿ ಒಂದು ಲ್ಯಾಂಪ್ರೇ 18 ಕಿಲೋವರೆಗೂ ಮೀನನ್ನು ಕೊಲ್ಲಬಲ್ಲದು. ಅದಕ್ಕೆ ಮೊದಲೇ ಬಲೆಗಾರಿಕೆಯಿಂದ ಸೊರಗಿದ್ದ ಲೇಕ್ ಟ್ರೌಟ್ 1950ರ ದಶಕದ ಹೊತ್ತಿಗೆ ಮಿಶಿಗನ್ ಸರೋವರದಲ್ಲಿ ನಾಮಾವಶೇಷವಾಯಿತು, ಇಂದು ಅಲ್ಲಿರುವುದು ಆಮೇಲೆ ಮರಿ ಬಿಟ್ಟು ಮತ್ತೆ ನೆಲೆಗೊಳಿಸಿದ್ದು.

ಬೇಟೆಗಾರ ಮೀನು ಇಲ್ಲವಾದ ಜಾಗಕ್ಕೆ ಏಲ್‌ವೈಫ್ ಎಂಬ, ಅಂಗೈಯಗಲದ, ಬೆಳ್ಳಿಮೈಯ ಇನ್ನೊಂದು ಸಮುದ್ರಮೀನು ಅದೇ ದಾರಿಯಲ್ಲಿ ಬಂತು. ತಿನ್ನುವವರಿಲ್ಲದೆ ಅದು ಹುಚ್ಚಾಪಟ್ಟೆ ಬೆಳೆಯಿತು. 1967ರ ಬೇಸಿಗೆಯಲ್ಲಿ ಕೋಟ್ಯಂತರ ಏಲ್‌ವೈಫ್‌ಗಳು ಸತ್ತು ಶಿಕಾಗೊ ಸೇರಿದಂತೆ ದಂಡೆಯ ಉದ್ದಕ್ಕೂ ರಾಶಿಬಿದ್ದು ನಾರತೊಡಗಿದವು. ಅವನ್ನು ತೆಗೆಯಲು ಬುಲ್‌ಡೋಜರ್‌ಗಳು ಬೇಕಾದವು.

ಈ ಕೊಳೆತ ರಾಶಿ ದಡಕ್ಕೆ ಬೀಳುವ ಮುನ್ನವೇ ಏಲ್‌ವೈಫ್ ಅನ್ನು ಮೇವೆಂದು ಕಂಡವರು ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾಗಿ 1964ರಲ್ಲಿ ನೇಮಕಗೊಂಡ ಹೊವರ್ಡ್ ಟ್ಯಾನರ್. ಲ್ಯಾಂಪ್ರೇಯ ಮರಿಗಳನ್ನು ಹೊಳೆಗಳಲ್ಲೇ ಕೊಲ್ಲುವ ರಾಸಾಯನಿಕ ಅಷ್ಟರಲ್ಲಿ ಬಳಕೆಗೆ ಬಂದಿದ್ದರಿಂದ ದೊಡ್ಡ ಮೀನು ಬದುಕುಳಿಯುವ ಭರವಸೆಯೂ ಇತ್ತು. ಅವರ ವಿಭಾಗ ಪೆಸಿಫಿಕ್ ಕರಾವಳಿಯ ಆರೆಗನ್ ರಾಜ್ಯದಿಂದ ಕೊಹೊ ಸಾಲ್ಮನ್ ಮೊಟ್ಟೆಗಳನ್ನು ತರಿಸಿ, ಮರಿಮಾಡಿಸಿ, 1966ರ ವಸಂತದಲ್ಲಿ ಹೊಳೆಗಳಿಗೆ ಬಿಟ್ಟಿತು. ಮರುವರ್ಷ ಚಿನೂಕ್ ಮರಿಗಳ ಸರದಿ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬಲಿತು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವುದು ಪೆಸಿಫಿಕ್ ಸಾಲ್ಮನ್‌ನ ಜೀವನಕ್ರಮ. ಇಲ್ಲಿ ಸಮುದ್ರದ ಪಾತ್ರವನ್ನು ಸರೋವರವೇ ವಹಿಸಿತು, ಉಪ್ಪುನೀರಿನ ಕೊರತೆ ಮೀನನ್ನು ಬಾಧಿಸಲಿಲ್ಲ. ಏಲ್‌ವೈಫ್ ತಿಂದು ಕೊಬ್ಬಿದ ಕೊಹೊ 1967ರ ಶರತ್ಕಾಲದಲ್ಲಿ ದಂಡೆಯತ್ತ ಮರಳಿದಾಗ, ಎಂದೂ ಇಷ್ಟು ದೊಡ್ಡ ಮೀನು ಕಾಣದ ಜನ ಸಿಕ್ಕ ಸಿಕ್ಕ ದೋಣಿ ಏರಿ ನೀರಿಗಿಳಿದರು. ಆ ಸೆಪ್ಟೆಂಬರ್ 23ರಂದು ಎದ್ದ ಬಿರುಗಾಳಿಗೆ ಸಿಕ್ಕು ಏಳು ಮಂದಿ ಸತ್ತರು. ಸಣ್ಣ ಹೊಳೆಗೆ ತಕ್ಕ ದೋಣಿ ಈ ಸರೋವರಕ್ಕೆ ಸಲ್ಲದು ಎಂಬುದನ್ನು ಅಂದು ಕಲಿತದ್ದು ದುಬಾರಿಯಾಗಿತ್ತು.

ನೀರಿನ ಪದರಗಳು

ಟ್ರೋಲಿಂಗ್‌ನ ತಿರುಳು ಇರುವುದು ಇಲ್ಲಿ. ಉಳಿದ ಸಲಕರಣೆಗಳೆಲ್ಲ ಇದಕ್ಕೆ ಹೊಂದಿಕೊಂಡು ಹುಟ್ಟಿದವು.

ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬೆಚ್ಚಗಿನ ನೀರು ಹಗುರ, ಹಾಗಾಗಿ ಮೇಲೆ ನಿಲ್ಲುತ್ತದೆ. ಬೇಸಿಗೆಯ ಬಿಸಿಲು ಸರೋವರದ ಮೇಲ್ಪದರವನ್ನು ಕಾಯಿಸಿದಂತೆ ಆ ಪದರ ಹಗುರವಾಗುತ್ತ ಹೋಗಿ ಕೆಳಗಿನ ತಣ್ಣೀರಿನೊಡನೆ ಬೆರೆಯುವುದನ್ನೇ ನಿಲ್ಲಿಸುತ್ತದೆ. ಆಗಸ್ಟ್ ಹೊತ್ತಿಗೆ ಮೇಲ್ಮೈಯಲ್ಲಿ 20 ಡಿಗ್ರಿಯಷ್ಟು ಅಥವಾ ಅದಕ್ಕೂ ಹೆಚ್ಚು ಬೆಚ್ಚಗಿನ ನೀರು, ಆಳದಲ್ಲಿ 4ರಿಂದ 6 ಡಿಗ್ರಿಯ ಕೊರೆಯುವ ನೀರು, ಇವೆರಡರ ನಡುವೆ ಕೆಲವೇ ಮೀಟರ್ ದಪ್ಪದ, ಉಷ್ಣತೆ ಸರ್ರನೆ ಇಳಿಯುವ ಒಂದು ಪದರ ಇರುತ್ತದೆ. ಈ ನಡುವಿನ ಪದರಕ್ಕೆ ಥರ್ಮೋಕ್ಲೈನ್ ಎಂದು ಹೆಸರು.

ಮೀನಿನ ಮೈ ಸುತ್ತಲಿನ ನೀರಿನಷ್ಟೇ ತಣ್ಣಗೆ ಅಥವಾ ಬೆಚ್ಚಗೆ ಇರುವುದರಿಂದ, ಅದು ಎಷ್ಟು ಚುರುಕಾಗಿ ಈಜಬಲ್ಲದು, ತಿಂದದ್ದನ್ನು ಎಷ್ಟು ಬೇಗ ಅರಗಿಸಿಕೊಳ್ಳಬಲ್ಲದು ಎಂಬುದನ್ನು ನೀರಿನ ಉಷ್ಣತೆಯೇ ತೀರ್ಮಾನಿಸುತ್ತದೆ. ಚಿನೂಕ್ ಹೆಚ್ಚಾಗಿ ಬಯಸುವುದು 10ರಿಂದ 13 ಡಿಗ್ರಿಯ ನೀರನ್ನು. ಕೊಹೊ ಮತ್ತು ಸ್ಟೀಲ್‌ಹೆಡ್ ಅದಕ್ಕಿಂತ ಸ್ವಲ್ಪ ಬೆಚ್ಚಗಿನ ನೀರನ್ನು ಸಹಿಸುತ್ತವೆ, ಬ್ರೌನ್ ಟ್ರೌಟ್ ಇನ್ನೂ ಹೆಚ್ಚು. ಲೇಕ್ ಟ್ರೌಟ್‌ಗೆ 7ರಿಂದ 10 ಡಿಗ್ರಿ ಹಿತ, ಅದು ಬಹುತೇಕ ತಳಕ್ಕೆ ಹತ್ತಿರವೇ ಇರುತ್ತದೆ. ಹೀಗಾಗಿ ಬೇಸಿಗೆಯ ಒಂದು ದಿನ ಒಂದೇ ಜಾಗದಲ್ಲಿ ಸ್ಟೀಲ್‌ಹೆಡ್ 10 ಮೀಟರಿನಲ್ಲೂ ಚಿನೂಕ್ 25 ಮೀಟರಿನಲ್ಲೂ ಲೇಕ್ ಟ್ರೌಟ್ 50 ಮೀಟರಿನಲ್ಲೂ ಇರಬಹುದು. ಕೆಳಗೆ ನೂರು ಮೀಟರ್ ನೀರಿದ್ದರೂ ಚಿನೂಕ್ ಅರಸುವವನಿಗೆ ಬೇಕಾದದ್ದು ಅದರಲ್ಲಿ ಏಳೆಂಟು ಮೀಟರ್ ಮಾತ್ರ. ಆ ಏಳೆಂಟು ಮೀಟರ್ ಎಲ್ಲಿದೆ ಎಂಬುದೇ ಆ ದಿನದ ಪ್ರಶ್ನೆ.

ಇದರ ಉತ್ತರ ದಿನದಿಂದ ದಿನಕ್ಕೆ ಬದಲಾಗುತ್ತದೆ, ಬದಲಾಯಿಸುವುದು ಗಾಳಿ. ಭೂಮಿ ತಿರುಗುತ್ತಿರುವ ಕಾರಣ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ನೀರು ಗಾಳಿ ಸಾಗುವ ದಿಕ್ಕಿನ ಬಲಕ್ಕೆ ವಾಲುತ್ತದೆ. ಉತ್ತರದ ಗಾಳಿ ಎರಡು ಮೂರು ದಿನ ಬಿಡದೆ ಬೀಸಿದರೆ ಸರೋವರದ ಪೂರ್ವ ದಂಡೆಯ, ಅಂದರೆ ಮಿಶಿಗನ್ ರಾಜ್ಯದ ಕಡೆಯ, ಬೆಚ್ಚಗಿನ ನೀರು ಪಶ್ಚಿಮಕ್ಕೆ ಸರಿದು ಅದರ ಜಾಗಕ್ಕೆ ಆಳದ ತಣ್ಣೀರು ಎದ್ದುಬರುತ್ತದೆ. ಮೊನ್ನೆಯವರೆಗೆ ದಡದಲ್ಲಿ ಮಕ್ಕಳು ಈಜುತ್ತಿದ್ದ ನೀರಿಗೆ ಇಂದು ಕಾಲಿಟ್ಟರೆ ಮರಗಟ್ಟುವುದು ಇದರಿಂದಲೇ. ಈಜುವವರು ಬೈದುಕೊಂಡು ಮನೆಗೆ ಹೋಗುವ ಆ ದಿನ ಗಾಳದವರು ಹುರುಪಿನಿಂದ ಹೊರಡುತ್ತಾರೆ, ಏಕೆಂದರೆ ಸಾಲ್ಮನ್ ದಂಡೆಗೆ ಹತ್ತಿರ ಬಂದಿರುತ್ತದೆ.

ದೋಣಿಯಲ್ಲಿರುವ ಸೋನಾರ್ ಯಂತ್ರ ಶಬ್ದದ ಅಲೆಗಳನ್ನು ಕೆಳಗೆ ಕಳಿಸಿ, ಪ್ರತಿಧ್ವನಿಯಿಂದ ತಳವನ್ನೂ ಮೀನನ್ನೂ ಪರದೆಯ ಮೇಲೆ ತೋರಿಸುತ್ತದೆ. ಥರ್ಮೋಕ್ಲೈನ್ ಬಳಿ ಸೂಕ್ಷ್ಮಜೀವಿಗಳು ಗುಂಪುಗೂಡುವುದರಿಂದ ಆ ಪದರವೂ ಮಸುಕಾದ ಪಟ್ಟಿಯಂತೆ ಪರದೆಯಲ್ಲಿ ಮೂಡುವುದುಂಟು. ಇನ್ನೂ ನಿಖರವಾಗಿ ತಿಳಿಯಬೇಕೆನ್ನುವವರು ಸೀಸದ ಗುಂಡಿನ ಬಳಿಯೇ ಒಂದು ಸಂವೇದಕವನ್ನು ಕಟ್ಟಿ ಇಳಿಸುತ್ತಾರೆ. ಅದು ಆ ಆಳದ ಉಷ್ಣತೆಯನ್ನೂ ಅಲ್ಲಿ ಗಾಳ ಸಾಗುತ್ತಿರುವ ವೇಗವನ್ನೂ ಮೇಲಕ್ಕೆ ತಿಳಿಸುತ್ತದೆ.

ಗಾಳವನ್ನು ಆಳಕ್ಕೆ ಇಳಿಸುವುದು

ಚಲಿಸುವ ದೋಣಿಯ ಹಿಂದೆ ಬಿಟ್ಟ ಗಾಳ ನೀರಿನ ತಳ್ಳುವಿಕೆಗೆ ಸಿಕ್ಕಿ ಮೇಲೇಳುತ್ತದೆ. ನೂರು ಮೀಟರ್ ದಾರ ಬಿಟ್ಟರೂ ಬರಿಯ ಗಾಳ ಎರಡು ಮೂರು ಮೀಟರಿಗಿಂತ ಹೆಚ್ಚು ಇಳಿಯದೇ ಇರಬಹುದು. ದಾರಕ್ಕೇ ಭಾರ ಕಟ್ಟಿದರೆ ಇಳಿಯುತ್ತದೆ, ಆದರೆ ಸಿಕ್ಕ ಮೀನಿನ ಜೊತೆಗೆ ಆ ಭಾರವನ್ನೂ ಎಳೆಯಬೇಕಾಗಿ ಮೀನಿನ ಸೆಣಸಾಟವೇ ಕೈಗೆ ತಿಳಿಯುವುದಿಲ್ಲ. ಭಾರ ಬೇಕು, ಆದರೆ ಮೀನು ಕಚ್ಚಿದ ಕ್ಷಣ ಅದು ಕಳಚಿಕೊಳ್ಳಬೇಕು. ಡೌನ್‌ರಿಗರ್ ಎಂಬ ಸಾಧನ ಈ ಎರಡನ್ನೂ ಮಾಡಿಕೊಡುತ್ತದೆ.

ಡೌನ್‌ರಿಗರ್ ದೋಣಿಯ ಹಿಂಬದಿಯಲ್ಲಿ ಕೂರಿಸಿದ ಒಂದು ಚಿಕ್ಕ ರಾಟೆ. ಅದಕ್ಕೆ ಸುತ್ತಿದ ಉಕ್ಕಿನ ತಂತಿಯ ತುದಿಯಲ್ಲಿ ನಾಲ್ಕೂವರೆಯಿಂದ ಏಳು ಕಿಲೋ ತೂಕದ ಸೀಸದ ಗುಂಡು, ಗುಂಡಿನ ಬಳಿ ಒಂದು ಕ್ಲಿಪ್. ಮೊದಲು ಗಾಳವನ್ನು ದೋಣಿಯ ಹಿಂದಕ್ಕೆ ಬಿಡುತ್ತಾರೆ, ಮೂರು ಮೀಟರಿನಿಂದ ಮೂವತ್ತು ಮೀಟರ್ ತನಕ ಎಷ್ಟೆಂಬುದು ಆ ದಿನದ ಲೆಕ್ಕ. ಆಮೇಲೆ ಗಾಳದ ದಾರವನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ನಿಧಾನವಾಗಿ ಇಳಿಸುತ್ತಾರೆ. ರಾಟೆಯ ಮೇಲಿನ ಎಣಿಕೆ ಯಂತ್ರ ಎಷ್ಟು ಅಡಿ ಇಳಿಯಿತೆಂದು ತೋರಿಸುತ್ತದೆ. ಬೇಕಾದ ಆಳ ಬಂದೊಡನೆ ರಾಟೆಗೆ ಬಿರಿ ಹಾಕಿ, ಗಾಳದ ಕೋಲನ್ನು ಹಿಡಿಕೆಯಲ್ಲಿ ನಿಲ್ಲಿಸಿ, ಕೋಲು ಬಿಲ್ಲಿನಂತೆ ಬಾಗುವ ತನಕ ದಾರ ಬಿಗಿಯುತ್ತಾರೆ. ಮೀನು ಕಚ್ಚಿದಾಗ ದಾರ ಕ್ಲಿಪ್ಪಿನಿಂದ ಕಿತ್ತುಕೊಳ್ಳುತ್ತದೆ. ಆ ಕ್ಷಣ ಬಾಗಿದ್ದ ಕೋಲು ಪಟ್ಟನೆ ನೆಟ್ಟಗಾಗಿ, ಮರುಕ್ಷಣ ಮೀನಿನ ಭಾರಕ್ಕೆ ಮತ್ತೆ ಬಾಗುತ್ತದೆ. ಅನುಭವಿಗಳು ಇಡೀ ಬೆಳಗ್ಗೆ ಕಣ್ಣಿಟ್ಟಿರುವುದು ಆ ನೆಟ್ಟಗಾಗುವ ಚಲನೆಯ ಮೇಲೆ. ಗುಂಡು ತನ್ನ ಪಾಡಿಗೆ ಕೆಳಗೇ ಉಳಿಯುತ್ತದೆ, ದಾರದ ತುದಿಯಲ್ಲಿ ಮೀನೊಂದೇ ಇರುತ್ತದೆ.

ಎಣಿಕೆ ಯಂತ್ರದ ಅಂಕಿಯನ್ನು ಅಕ್ಷರಶಃ ನಂಬುವಂತಿಲ್ಲ. ದೋಣಿ ಸಾಗುವಾಗ ನೀರಿನ ತಡೆಯಿಂದ ತಂತಿ ಹಿಂದಕ್ಕೆ ವಾಲುತ್ತದೆ. ತಂತಿ 120 ಅಡಿ ಹೊರಬಂದಿದ್ದರೂ ಗುಂಡು ಅದಕ್ಕಿಂತ ಕಡಿಮೆ ಆಳದಲ್ಲಿರುತ್ತದೆ. ಗುಂಡು ಹಗುರವಾದಷ್ಟೂ ವೇಗ ಹೆಚ್ಚಾದಷ್ಟೂ ಈ ವ್ಯತ್ಯಾಸ ದೊಡ್ಡದು. ಬಲ್ಲವರು ವಾಲಿದ ಕೋನ ನೋಡಿ ಮನಸ್ಸಿನಲ್ಲೇ ಕಳೆದುಕೊಳ್ಳುತ್ತಾರೆ.

ಡೌನ್‌ರಿಗರ್‌ಗಳು ಹಿಂಬದಿಯಲ್ಲಿ ಒಂದಕ್ಕೊಂದು ಹತ್ತಿರವಿರುತ್ತವೆ, ಹೆಚ್ಚು ಗಾಳ ಬಿಟ್ಟರೆ ದಾರಗಳು ಸಿಕ್ಕುಬೀಳುತ್ತವೆ. ಪಕ್ಕಗಳಿಗೆ ಹರಡಲು ಬೇರೆ ಉಪಾಯಗಳಿವೆ. ಡೈವರ್ ಎಂಬುದು ತಟ್ಟೆಯಾಕಾರದ ಪ್ಲಾಸ್ಟಿಕ್ ಬಿಲ್ಲೆ. ಅದರ ತಳದ ಭಾರವನ್ನು ಎಡಕ್ಕೋ ಬಲಕ್ಕೋ ತಿರುಗಿಸಿಟ್ಟರೆ ನೀರಿನ ಒತ್ತಡವೇ ಅದನ್ನು ಆ ಕಡೆಗೂ ಕೆಳಕ್ಕೂ ತಳ್ಳುತ್ತದೆ. ಅದು ಇಳಿಯುವ ಆಳ ಬಿಟ್ಟ ದಾರದ ಮೂರನೇ ಒಂದರಿಂದ ಅರ್ಧದವರೆಗೆ ಇರುತ್ತದೆ. ಲೆಡ್‌ಕೋರ್ ಎಂಬುದು ಒಳಗೆ ಸೀಸದ ಎಳೆಯಿರುವ ಹೆಣೆದ ದಾರ. ಪ್ರತಿ ಹತ್ತು ಗಜಕ್ಕೊಮ್ಮೆ ಅದರ ಬಣ್ಣ ಬದಲಾಗುತ್ತದೆ. ಎಷ್ಟು ದಾರ ಬಿಟ್ಟೆ ಎಂದು ಕೇಳಿದರೆ ಅಲ್ಲಿನವರು ಗಜದಲ್ಲಿ ಉತ್ತರಿಸುವುದಿಲ್ಲ, ‘ಐದು ಬಣ್ಣ’, ‘ಹತ್ತು ಬಣ್ಣ’ ಎನ್ನುತ್ತಾರೆ. ಸಾಮಾನ್ಯ ವೇಗದಲ್ಲಿ ಒಂದು ಬಣ್ಣ ಸುಮಾರು ಐದು ಅಡಿ ಇಳಿಯುತ್ತದೆಂಬುದು ರೂಢಿಯ ಲೆಕ್ಕ.

ದಾರವನ್ನು ದೋಣಿಯಿಂದ ದೂರಕ್ಕೆ, ಬದಿಗೆ ಒಯ್ಯುವುದು ಪ್ಲೇನರ್ ಬೋರ್ಡ್ ಎಂಬ ತೇಲುವ ಹಲಗೆ. ಗಾಳಿಪಟ ಗಾಳಿಯ ಒತ್ತಡಕ್ಕೆ ಓರೆಯಾಗಿ ನಿಂತು ಮೇಲೇರುವ ಹಾಗೆಯೇ, ಈ ಹಲಗೆ ನೀರಿನ ಒತ್ತಡಕ್ಕೆ ಓರೆಯಾಗಿ ನಿಂತು ಬದಿಗೆ ಸರಿಯುತ್ತದೆ. ವಸಂತದಲ್ಲಿ ಮೀನು ಮೇಲ್ಮೈಗೆ ಹತ್ತಿರವಿದ್ದು ದೋಣಿಯ ಸದ್ದಿಗೆ ಬೆದರುವಾಗ ಹಲಗೆಯ ಉಪಯೋಗ ಹೆಚ್ಚು. ಹಲಗೆ, ಡೈವರ್, ಡೌನ್‌ರಿಗರ್ ಮೂರನ್ನೂ ಕೂಡಿಸಿದರೆ ಒಂದು ದೋಣಿ ಹತ್ತಕ್ಕೂ ಹೆಚ್ಚು ಗಾಳಗಳನ್ನು ಹತ್ತಾರು ಮೀಟರ್ ಅಗಲಕ್ಕೆ, ಬೇರೆ ಬೇರೆ ಆಳಗಳಲ್ಲಿ ಎಳೆಯಬಲ್ಲದು.

ವೇಗ ಮತ್ತು ತಿರುವು

ಟ್ರೋಲಿಂಗ್ ವೇಗ ಗಂಟೆಗೆ ಮೂರರಿಂದ ನಾಲ್ಕೂವರೆ ಕಿಲೋಮೀಟರ್, ನಾವು ನಡೆಯುವಷ್ಟೇ. ಲೇಕ್ ಟ್ರೌಟ್‌ಗೆ ಇನ್ನೂ ನಿಧಾನ ಬೇಕು. ತೀರಾ ನಿಧಾನವಾದರೆ ಎರೆ ಅಲುಗಾಡದೆ ಸತ್ತಂತೆ ತೂಗುತ್ತದೆ, ತೀರಾ ವೇಗವಾದರೆ ಗಿರಗಿರನೆ ಸುತ್ತಿ ಅಸಹಜವಾಗುತ್ತದೆ. ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವನ್ನು. ಆಳದಲ್ಲಿ ಬೇರೊಂದು ದಿಕ್ಕಿಗೆ ಹರಿವು ಇದ್ದರೆ ಅಲ್ಲಿ ಗಾಳ ನೀರನ್ನು ಸೀಳುವ ವೇಗವೇ ಬೇರೆ. ಉತ್ತರಕ್ಕೆ ಹೋಗುವಾಗ ಮೇಲಿಂದ ಮೇಲೆ ಕಚ್ಚಿದ ಮೀನು ಅದೇ ದಾರಿಯಲ್ಲಿ ದಕ್ಷಿಣಕ್ಕೆ ಮರಳುವಾಗ ಮುಟ್ಟದೇ ಇರುವುದಕ್ಕೆ ಬಹಳ ಸಲ ಇದೇ ಕಾರಣ. ಅದೃಷ್ಟವನ್ನು ಹಳಿಯುವ ಮೊದಲು ವೇಗ ನೋಡುವುದು ವಾಸಿ.

ನುರಿತವರು ದೋಣಿಯನ್ನು ನೇರ ಗೆರೆಯಲ್ಲಿ ಓಡಿಸದೆ ಹಾವಿನ ನಡೆಯಂತೆ ಅಂಕುಡೊಂಕಾಗಿ ನಡೆಸುವುದು ಚಂದಕ್ಕಲ್ಲ. ದೋಣಿ ಎಡಕ್ಕೆ ತಿರುಗಿದಾಗ ಹೊರಬದಿಯ, ಅಂದರೆ ಬಲಬದಿಯ ಗಾಳಗಳು ಹೆಚ್ಚು ದೂರ ಸಾಗಬೇಕಾಗಿ ವೇಗ ಹೆಚ್ಚಿ ಮೇಲೇಳುತ್ತವೆ. ಒಳಬದಿಯವು ನಿಧಾನವಾಗಿ ಕೆಳಗಿಳಿಯುತ್ತವೆ. ಕಚ್ಚಿದ್ದು ಹೊರಬದಿಯ ಗಾಳಕ್ಕಾದರೆ ಮೀನಿಗೆ ಇನ್ನಷ್ಟು ವೇಗ ಬೇಕೆಂದೂ, ಒಳಬದಿಗಾದರೆ ನಿಧಾನ ಅಥವಾ ಹೆಚ್ಚಿನ ಆಳ ಬೇಕೆಂದೂ ತಿಳಿಯುತ್ತದೆ. ತಿರುವು ಒಂದು ಪರೀಕ್ಷೆ.

ಗಾಳದ ತುದಿಯಲ್ಲಿ

ಎರೆಹುಳು ಇಲ್ಲಿ ಬಳಕೆಯಲ್ಲಿಲ್ಲ. ಎಳೆಯುವುದು ಬಹುಮಟ್ಟಿಗೆ ಕೃತಕ ಎರೆಗಳನ್ನು. ಸ್ಪೂನ್ ಎಂದರೆ ಚಮಚದ ತಲೆಯಂತೆ ಬಾಗಿದ, ಬಣ್ಣ ಬಳಿದ ತೆಳು ಲೋಹದ ತಗಡು. ಗಾಯಗೊಂಡ ಏಲ್‌ವೈಫ್‌ನಂತೆ ಹೊರಳಾಡುತ್ತ ಮಿನುಗುತ್ತದೆ. ಫ್ಲ್ಯಾಷರ್ ಎಂದರೆ ಗಾಳವೇ ಇಲ್ಲದ ಉದ್ದನೆಯ ಹೊಳೆಯುವ ಪಟ್ಟಿ. ಅದು ತಿರುಗುತ್ತ ದೂರದ ಮೀನಿನ ಗಮನ ಸೆಳೆಯುತ್ತದೆ, ಅದರ ಹಿಂದೆ ಅರ್ಧ ಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ಎಳೆಎಳೆಯಾದ ಕುಚ್ಚಿನೊಳಗೆ ಕೊಕ್ಕೆ ಅಡಗಿರುತ್ತದೆ. ಮೀನಿನ ಇಕ್ಕೆಲದಲ್ಲಿರುವ ಪಾರ್ಶ್ವರೇಖೆ ಎಂಬ ಅಂಗ ನೀರಿನ ಸಣ್ಣ ಕಂಪನವನ್ನೂ ಗ್ರಹಿಸುವುದರಿಂದ ಕತ್ತಲಲ್ಲೂ ಫ್ಲ್ಯಾಷರ್‌ನ ತಿರುಗಾಟ ಅದಕ್ಕೆ ತಿಳಿಯುತ್ತದೆ.

ಬಣ್ಣದ ವಿಷಯದಲ್ಲಿ ಗಾಳದವರ ನಡುವೆ ಮುಗಿಯದ ವಾದಗಳಿವೆ. ಖಚಿತವಾದದ್ದು ಇಷ್ಟು: ಬಿಸಿಲಿನ ಕೆಂಪು ಅಂಶವನ್ನು ಮೇಲಿನ ಕೆಲವು ಮೀಟರ್ ನೀರೇ ಹೀರಿಕೊಳ್ಳುತ್ತದೆ, ಹಸಿರು ಮತ್ತು ನೀಲಿ ಹೆಚ್ಚು ಆಳಕ್ಕೆ ಹೋಗುತ್ತವೆ. ಆದ್ದರಿಂದ 30 ಮೀಟರ್ ಕೆಳಗೆ ಕೆಂಪು ಸ್ಪೂನ್ ಕಪ್ಪಾಗಿ ಕಾಣುತ್ತದೆ. ಚಿನೂಕ್ ಮಂದ ಬೆಳಕಿನಲ್ಲಿ, ಸೂರ್ಯೋದಯಕ್ಕೆ ಮುನ್ನ ಮತ್ತು ಮುಸ್ಸಂಜೆಯಲ್ಲಿ ಚುರುಕಾಗಿ ಮೇಯುತ್ತದೆ. ಅದಕ್ಕೇ ಬೆಳಗಿನ ಜಾವ ಟಾರ್ಚ್ ಬೆಳಕು ಹಿಡಿದು ‘ಊಡಿಸಿದ’, ಕತ್ತಲಲ್ಲಿ ಹೊಳೆಯುವ ಎರೆಗಳನ್ನು ಮೊದಲು ಇಳಿಸುತ್ತಾರೆ.

ಮೀನು ಕಚ್ಚಿದ ಮೇಲೆ

ದೊಡ್ಡ ಚಿನೂಕ್ ಕಚ್ಚಿದೊಡನೆ ನೂರು ಮೀಟರಿಗೂ ಹೆಚ್ಚು ದಾರ ಎಳೆದುಕೊಂಡು ಓಡಬಲ್ಲದು. ಮಿಶಿಗನ್ ರಾಜ್ಯದ ದಾಖಲೆಯ ಚಿನೂಕ್ 2021ರ ಆಗಸ್ಟ್‌ನಲ್ಲಿ ಸಿಕ್ಕಿತು. ಅದರ ತೂಕ 47.86 ಪೌಂಡ್, ಅಂದರೆ ಸುಮಾರು 21.7 ಕಿಲೋ. ಅಂಥ ಮೀನನ್ನು ಬಲವಂತವಾಗಿ ನಿಲ್ಲಿಸಲು ಹೋದರೆ ದಾರ ಹರಿಯುತ್ತದೆ. ಆದ್ದರಿಂದ ರೀಲಿನಲ್ಲಿ ಡ್ರ್ಯಾಗ್ ಎಂಬ ವ್ಯವಸ್ಥೆಯಿದೆ. ದಾರ ತಡೆಯಬಲ್ಲ ಬಲಕ್ಕಿಂತ ಕಡಿಮೆ ಬಲಕ್ಕೇ ರೀಲ್ ಜಾರಿ ದಾರ ಬಿಟ್ಟುಕೊಡುವಂತೆ ಅದನ್ನು ಹೊಂದಿಸಿರುತ್ತಾರೆ. ಮೀನು ಓಡುವಾಗ ಹಿಡಿಯನ್ನು ತಿರುಗಿಸದೆ ಬಿಡಬೇಕು. ಅದು ನಿಂತಾಗ ಕೋಲನ್ನು ನಿಧಾನವಾಗಿ ಎತ್ತಿ, ಇಳಿಸುತ್ತ ದಾರ ಸುತ್ತಿಕೊಳ್ಳಬೇಕು. ದಾರ ಒಂದು ಕ್ಷಣವೂ ಸಡಿಲವಾಗಬಾರದು, ಸಡಿಲವಾದರೆ ಕೊಕ್ಕೆ ಕಳಚುತ್ತದೆ. ದೋಣಿಯನ್ನು ಪೂರ್ತಿ ನಿಲ್ಲಿಸದಿರುವುದಕ್ಕೆ ಇದೂ ಒಂದು ಕಾರಣ, ಉಳಿದ ಗಾಳಗಳು ಇಳಿದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂಬುದು ಇನ್ನೊಂದು. ಕೊನೆಗೆ ಮೀನಿನ ತಲೆಯೇ ಮೊದಲು ಬರುವಂತೆ ಕೈಬಲೆಯೊಳಗೆ ಸೇರಿಸುತ್ತಾರೆ.

ಯಾವ ಮೀನು ಎಂದು ಗುರುತಿಸಲು ಬಾಯಿ ಮತ್ತು ಬಾಲ ಸಾಕು. ಒಸಡು ಕಪ್ಪಗಿದ್ದು ಬಾಲದ ಎರಡೂ ಕವಲುಗಳಲ್ಲಿ ಚುಕ್ಕೆಗಳಿದ್ದರೆ ಚಿನೂಕ್. ಹಲ್ಲಿನ ಬುಡದ ಒಸಡು ಬಿಳಿಚಿದ್ದು ಬಾಲದ ಮೇಲಿನ ಕವಲಿನಲ್ಲಷ್ಟೇ ಚುಕ್ಕೆಗಳಿದ್ದರೆ ಕೊಹೊ. ಬಾಯೊಳಗೆಲ್ಲ ಬಿಳುಪು, ಬಾಲದ ತುಂಬ ಸಾಲುಸಾಲು ಚುಕ್ಕೆಗಳಿದ್ದರೆ ಸ್ಟೀಲ್‌ಹೆಡ್. ಕಂದು ಮೈಯ ಮೇಲೆ ತಿಳಿಬಣ್ಣದ ಚುಕ್ಕೆಗಳೂ ಆಳವಾಗಿ ಕವಲೊಡೆದ ಬಾಲವೂ ಇದ್ದರೆ ಲೇಕ್ ಟ್ರೌಟ್.

ಋತುಮಾನ

ಏಪ್ರಿಲ್‌ನಲ್ಲಿ ಸರೋವರದ ದಕ್ಷಿಣ ತುದಿ, ಅಂದರೆ ಇಂಡಿಯಾನಾ ಮತ್ತು ಶಿಕಾಗೊ ಕಡೆಯ ದಂಡೆಯ ನೀರು ಮೊದಲು ಬೆಚ್ಚಗಾಗುತ್ತದೆ. ಆಗ ಕೊಹೊ ಮತ್ತು ಬ್ರೌನ್ ಟ್ರೌಟ್ ಎರಡು ಮೂರು ಮೀಟರ್ ಆಳದ ನೀರಿಗೂ ಬರುತ್ತವೆ, ಚಿಕ್ಕ ದೋಣಿಯವರಿಗೆ ಇದೇ ಸುಗ್ಗಿ. ಬೇಸಿಗೆ ಏರಿದಂತೆ ಮೀನು ಉತ್ತರಕ್ಕೂ ಆಳಕ್ಕೂ ಸರಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಲಡಿಂಗ್‌ಟನ್, ಮ್ಯಾನಿಸ್ಟಿ ಮುಂತಾದ ಊರುಗಳ ಎದುರಿನ ಆಳನೀರಿನಲ್ಲಿ ಚಿನೂಕ್ ಹುಡುಕುವ ದೋಣಿಗಳು ನೆರೆಯುತ್ತವೆ. ಆಗಸ್ಟ್ ಕೊನೆಯಿಂದ ಬಲಿತ ಸಾಲ್ಮನ್ ಹೊಳೆಯ ಬಾಯಲ್ಲಿ ಗುಂಪುಗೂಡುತ್ತದೆ. ಅಷ್ಟರಲ್ಲಿ ಅದು ಮೇಯುವುದನ್ನು ಬಹುತೇಕ ಬಿಟ್ಟಿರುತ್ತದೆ, ಎರೆಯನ್ನು ಕಚ್ಚುವುದು ಹಸಿವಿಗಿಂತ ಕೆರಳಿಕೆಯಿಂದ ಎಂದು ತಿಳಿಯಲಾಗಿದೆ. ಹೊಳೆಯೇರಿ ಮೊಟ್ಟೆಯಿಟ್ಟ ಚಿನೂಕ್ ಮತ್ತು ಕೊಹೊ ಅಲ್ಲೇ ಸಾಯುತ್ತವೆ. ಸ್ಟೀಲ್‌ಹೆಡ್ ಹಾಗಲ್ಲ, ಮೊಟ್ಟೆಯಿಟ್ಟು ಸರೋವರಕ್ಕೆ ಮರಳಬಲ್ಲದು.

ಹೋಗುವವರು ತಿಳಿದಿರಬೇಕಾದದ್ದು

ಸರೋವರವನ್ನು ಸುತ್ತುವರಿದ ಮಿಶಿಗನ್, ವಿಸ್ಕಾನ್ಸಿನ್, ಇಲಿನಾಯ್, ಇಂಡಿಯಾನಾ ನಾಲ್ಕೂ ರಾಜ್ಯಗಳ ನಿಯಮಗಳು ಬೇರೆ ಬೇರೆ. ಮಿಶಿಗನ್‌ನಲ್ಲಿ 17 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಪರವಾನಗಿ ಬೇಕು, ಒಬ್ಬರು ಮೂರಕ್ಕಿಂತ ಹೆಚ್ಚು ದಾರ ಬಿಡುವಂತಿಲ್ಲ. ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದೆಂಬ ಮಿತಿ ಆಗಾಗ ಬದಲಾಗುವುದರಿಂದ ಆ ವರ್ಷದ ನಿಯಮ ಪುಸ್ತಿಕೆಯನ್ನೇ ನೋಡಬೇಕು. ಚಿಕ್ಕ ಬಾಡಿಗೆ ದೋಣಿಗಳು ಸಾಮಾನ್ಯವಾಗಿ ಆರು ಪ್ರಯಾಣಿಕರಿಗೆ ಸೀಮಿತ, ನಡೆಸುವವರಿಗೆ ಅಮೆರಿಕದ ಕೋಸ್ಟ್ ಗಾರ್ಡ್ ನೀಡಿದ ಪರವಾನಗಿ ಇರಬೇಕು. ದಡದಲ್ಲಿ ಅಂಗಿಯಷ್ಟೇ ಸಾಕೆನಿಸಿದರೂ ನಡುನೀರಿನಲ್ಲಿ ಬೆಳಗಿನ ಚಳಿ ಕೊರೆಯುತ್ತದೆ. ಗಾಳಿ ಎದ್ದರೆ ಅಲೆಗಳೂ ಬೇಗ ಏಳುತ್ತವೆ.

ತಿನ್ನುವ ವಿಚಾರದಲ್ಲಿ ಒಂದು ಎಚ್ಚರಿಕೆ. ಹಿಂದೆ ಕಾರ್ಖಾನೆಗಳಿಂದ ಸೇರಿದ ಪಿಸಿಬಿ ಎಂಬ ರಾಸಾಯನಿಕ ಸರೋವರದಲ್ಲಿ ಇನ್ನೂ ಉಳಿದಿದೆ. ಅದು ಕೊಬ್ಬಿನಲ್ಲಿ ಶೇಖರವಾಗುವುದರಿಂದ ದೊಡ್ಡದಾದ, ವಯಸ್ಸಾದ, ಕೊಬ್ಬಿದ ಮೀನಿನಲ್ಲಿ ಹೆಚ್ಚು. ಚರ್ಮ ಮತ್ತು ಹೊಟ್ಟೆಭಾಗದ ಕೊಬ್ಬನ್ನು ತೆಗೆದು, ಕೊಬ್ಬು ಬಸಿದುಹೋಗುವಂತೆ ಸುಟ್ಟು ತಿಂದರೆ ಪ್ರಮಾಣ ಕಡಿಮೆಯಾಗುತ್ತದೆ. ಪಾದರಸ ಮಾಂಸದಲ್ಲೇ ಇರುವುದರಿಂದ ಹೀಗೆ ತೆಗೆಯಲಾಗದು. ಯಾವ ಗಾತ್ರದ ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ಪ್ರತಿ ರಾಜ್ಯವೂ ಪಟ್ಟಿ ಹೊರಡಿಸುತ್ತದೆ. ಗರ್ಭಿಣಿಯರಿಗೂ ಮಕ್ಕಳಿಗೂ ಮಿತಿ ಇನ್ನೂ ಬಿಗಿ.

ಎಷ್ಟು ಮರಿ ಬಿಡಬೇಕು

ಇಲ್ಲಿನ ಚಿನೂಕ್ ಏಲ್‌ವೈಫ್ ಒಂದನ್ನೇ ಬಹುತೇಕ ನೆಚ್ಚಿ ಬದುಕುತ್ತದೆ. 1980ರ ದಶಕದ ಕೊನೆಯಲ್ಲಿ ಹಡಗುಗಳ ತಳದ ನೀರಿನೊಡನೆ ಕಪ್ಪೆಚಿಪ್ಪಿನ ಜಾತಿಯ ಜೀಬ್ರಾ ಮತ್ತು ಕ್ವಾಗಾ ಮಸೆಲ್‌ಗಳು ಮಹಾಸರೋವರಗಳಿಗೆ ಬಂದವು. ಇವು ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮಸಸ್ಯಗಳನ್ನು ತಿನ್ನುತ್ತವೆ. ನೀರು ನೋಡಲು ತಿಳಿಯಾಯಿತು, ಆದರೆ ಏಲ್‌ವೈಫ್‌ನ ಆಹಾರಸರಪಳಿಯ ಬುಡವೇ ಸವೆಯಿತು. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003ರ ಸುಮಾರಿಗೆ ಏಲ್‌ವೈಫ್ ಕುಸಿದಾಗ ಚಿನೂಕ್ ಕೂಡ ಅದರ ಬೆನ್ನಿಗೇ ಕುಸಿಯಿತು, ದಂಡೆಯ ಊರುಗಳ ಬಾಡಿಗೆ ದೋಣಿ ವ್ಯವಹಾರವೂ ಜೊತೆಗೇ ಬಿತ್ತು. ಅದೇ ಗತಿ ಇಲ್ಲಿಯೂ ಬರಬಾರದೆಂದು ಮಿಶಿಗನ್ ಸರೋವರದ ರಾಜ್ಯಗಳು 2013ರಲ್ಲಿ ಬಿಡುವ ಚಿನೂಕ್ ಮರಿಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿದವು. ಮರಿ ಕಡಿಮೆ ಬಿಟ್ಟರೆ ಮೀನು ಹೆಚ್ಚು ದಿನ ಉಳಿಯುತ್ತದೆ ಎಂಬುದು ಗಾಳದವರಿಗೆ ಒಪ್ಪಿಸಲು ಸುಲಭದ ಮಾತಲ್ಲ, ಆದರೆ ಮೇವಿನ ಲೆಕ್ಕ ಹಾಗೆಯೇ ಇದೆ.

ಆ ಲೆಕ್ಕಕ್ಕೆ ಬೇಕಾದ ಅಂಕಿಗಳ ಒಂದು ಪಾಲು ದೋಣಿಗಳಿಂದಲೇ ಬರುತ್ತದೆ. 2010ರ ದಶಕದ ಆರಂಭದಿಂದ ಸಾಕಣೆ ಕೇಂದ್ರದಲ್ಲಿ ಬೆಳೆದ ಚಿನೂಕ್ ಮರಿಗಳನ್ನು ಬಿಡುವ ಮುನ್ನ ಬೆನ್ನಿನ ಹಿಂಭಾಗದ ಚಿಕ್ಕ ಕೊಬ್ಬುರೆಕ್ಕೆಯನ್ನು ಕತ್ತರಿಸಿ, ಮೂಗಿನ ಭಾಗದಲ್ಲಿ ಸಂಕೇತವಿರುವ ಸೂಕ್ಷ್ಮ ತಂತಿಯೊಂದನ್ನು ಸೇರಿಸುವ ದೊಡ್ಡ ಕೆಲಸ ಆರಂಭವಾಯಿತು. ಸಿಕ್ಕ ಚಿನೂಕ್‌ಗೆ ಆ ರೆಕ್ಕೆಯಿಲ್ಲದಿದ್ದರೆ ಬಂದರಿನಲ್ಲಿರುವ ಸಿಬ್ಬಂದಿ ತಲೆಯನ್ನು ಕೇಳಿ ಪಡೆದು, ತಂತಿ ತೆಗೆದು, ಯಾವ ವರ್ಷ ಯಾವ ಹೊಳೆಯಲ್ಲಿ ಬಿಟ್ಟ ಮರಿ ಅದು ಎಂದು ಓದುತ್ತಾರೆ. ರೆಕ್ಕೆ ಇದ್ದ ಮೀನು ಹೊಳೆಯಲ್ಲಿ ತಾನಾಗಿಯೇ ಹುಟ್ಟಿದ್ದು ಎಂದು ಎಣಿಸುತ್ತಾರೆ. ಹೀಗೆ ನೋಡಿದಾಗ ಸರೋವರದ ಚಿನೂಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರೂ ತಂದು ಬಿಡದೆ ಅಲ್ಲಿನ ಹೊಳೆಗಳಲ್ಲೇ ಹುಟ್ಟಿದವು ಎಂದು ಗೊತ್ತಾಗಿದೆ. ಮುಂದಿನ ವರ್ಷ ಎಷ್ಟು ಮರಿ ಬಿಡಬೇಕೆಂದು ತೀರ್ಮಾನಿಸುವಾಗ ರಾಜ್ಯಗಳು ಈ ಹೊಳೆಮರಿಗಳನ್ನೂ ಏಲ್‌ವೈಫ್‌ನ ಪ್ರಮಾಣವನ್ನೂ ಒಟ್ಟಿಗೆ ಇಟ್ಟು ನೋಡುತ್ತವೆ.